ಸೋರದ ಜಲಾಂತರ್ಗಾಮಿ

ನಿರ್ದೇಶಕರು ಮೊದಲ ಸಲ ನನ್ನ ಶೆಡ್ಡಿಗೆ ಬಂದಾಗ ಹೊಸಹಳ್ಳಿ ಕಡೆಯ ರೈತರೊಬ್ಬರ ನೀರಿನ ಟ್ಯಾಂಕರು ಅರ್ಧ ಕೆಲಸದಲ್ಲಿತ್ತು. ಹಿಂದಿನ ಮುಖದ ತಗಡು ಇನ್ನೂ ಬೆಸೆದಿರಲಿಲ್ಲ. ಆ ಮನುಷ್ಯ ನಮಸ್ಕಾರಕ್ಕೂ ಮೊದಲು ಚಪ್ಪಲಿ ಬಿಟ್ಟು, ಬಗ್ಗಿ ಅದರೊಳಗೆ ಹೋಗಿ ನಿಂತು “ಯಾರಿದೀರಿ ಒಳಗೆ?” ಅಂತ ಕೂಗಿದರು. ದನಿ ಒಳಗೇ ಎರಡು ಸುತ್ತು ತಿರುಗಿ ಹೊರಗೆ ಬಂತು. ಅವರು ಹೊರಬಂದಾಗ ಮುಖದ ಮೇಲಿದ್ದ ಸಂತೋಷ ನೋಡಿ, ಇವರು ಟ್ಯಾಂಕರು ಕೊಳ್ಳಲು ಬಂದ ಗಿರಾಕಿಯಲ್ಲ ಅಂತ ನನಗೆ ಖಾತ್ರಿಯಾಯಿತು.

“ನಂಗೆ ಇಂಥದ್ದೇ ಒಂದು ಬೇಕು ಸಾರ್, ಮೂವತ್ತಡಿ ಉದ್ದ,” ಅಂದರು. ಹರಪನಹಳ್ಳಿಯವರು, ಮಾತು ದಾವಣಗೆರೆ ಕಡೆಗೆ ವಾಲುತ್ತಿತ್ತು. “ಸಬ್‌ಮರೀನ್ ಮಾಡ್ಬೇಕು. ದೆವ್ವದ ಸಿನಿಮಾ.”

ಯುದ್ಧದ ಕಾಲದಲ್ಲಿ ಮುಳುಗಿದ ಒಂದು ಜಲಾಂತರ್ಗಾಮಿ. ಅದರ ಕಪ್ತಾನ ಒಳಗಿನ ನಾವಿಕರ ಸಮೇತ ಮುಚ್ಚಳ ಹಾಕಿಕೊಂಡು ಸತ್ತಿದ್ದಾನೆ. ಎಷ್ಟೋ ವರ್ಷದ ಮೇಲೆ ಅದು ತಾನಾಗಿ ಮೇಲೆ ಬರುತ್ತದೆ, ನಾಲ್ಕು ಜನ ಒಳಗೆ ಇಳಿಯುತ್ತಾರೆ, ಕಪ್ತಾನ ಇನ್ನೂ ಅಲ್ಲೇ ಇದ್ದಾನೆ. ಇಷ್ಟು ಕತೆ. ಯಾವ ಯುದ್ಧ ಅಂತ ಕೇಳಿದೆ. “ಯುದ್ಧ ಅಂದ್ರೆ ಯುದ್ಧ ಸಾರ್,” ಅಂದರು. ಅವರ ಜೊತೆ ಬಂದಿದ್ದ ಕಲಾ ನಿರ್ದೇಶಕಿ, ಪ್ಲೈವುಡ್ಡಿನಲ್ಲಿ ಮಾಡಿ ಬಣ್ಣ ಹೊಡೆದರೆ ಸಾಕು, ಖರ್ಚೂ ಕಡಿಮೆ ಅಂತ ಹೇಳಿದರು. ನನ್ನದೊಂದು ಕೆಟ್ಟ ಗುಣವಿದೆ. ಕಬ್ಬಿಣದ ಕೆಲಸವನ್ನು ಕಟ್ಟಿಗೆಯಲ್ಲಿ ಮಾಡಬಹುದು ಅಂತ ಯಾರಾದರೂ ಅಂದರೆ ನನ್ನ ಮೈ ಉರಿಯುತ್ತದೆ. “ಕಬ್ಬಿಣದಾಗ ಮಾಡಿಕೊಡ್ತೀನ್ರಿ,” ಅಂದುಬಿಟ್ಟೆ. ಆಮೇಲೆ ನಡೆದದ್ದಕ್ಕೆಲ್ಲ ಆ ಒಂದು ಮಾತೇ ಮೂಲ, ಹಾಗಾಗಿ ಬೇರೆಯವರನ್ನು ದೂರುವಂತಿಲ್ಲ.

ಶೂಟಿಂಗಿಗೆ ಅವರು ಗೊತ್ತುಮಾಡಿಕೊಂಡಿದ್ದು ಕೊಟ್ಟೂರಿನ ಹೊರಗೆ ನಿಂತುಹೋಗಿದ್ದ ಒಂದು ಶೇಂಗಾ ಮಿಲ್ಲಿನ ಗೋದಾಮು. ನಾನು ಹಗರಿಬೊಮ್ಮನಹಳ್ಳಿಯ ಶೆಡ್ಡಿನಲ್ಲಿ ಮೂರು ಮಿಲಿಮೀಟರ್ ತಗಡನ್ನು ರೋಲ್ ಮಾಡಿ, ಆರೂವರೆ ಅಡಿ ಎತ್ತರದ ಮೂರು ಉರುಟು ಕೊಳವೆ ಮಾಡಿದೆ. ಒಂದೊಂದನ್ನೂ ಟ್ರಾಲಿಯ ಮೇಲೆ ಕೊಟ್ಟೂರಿಗೆ ಒಯ್ದು, ಅಲ್ಲೇ ಒಂದರ ಬಾಯಿಗೆ ಒಂದು ಸೇರಿಸಿ ಬೆಸೆದೆವು. ಒಳಗಡೆ ಎರಡೆರಡು ಅಡಿಗೆ ಒಂದು ಪಟ್ಟಿ, ಎದೆಯ ಪಕ್ಕೆಲುಬಿನ ಹಾಗೆ. ಗುಜರಿಯಿಂದ ಪೈಪು, ವಾಲ್ವು, ಹಳೆ ಟ್ರ್ಯಾಕ್ಟರಿನ ಸ್ಟೇರಿಂಗು ತಂದು ಗೋಡೆ ತುಂಬ ಕೂಡಿಸಿದೆವು. ಮೇಲ್ಗಡೆ ನಡುವಿಗೆ ಟ್ಯಾಂಕರಿಗೆ ಇಡುವಂಥದ್ದೇ ದುಂಡು ಮುಚ್ಚಳ, ಸುತ್ತ ರಬ್ಬರ್ ಪಟ್ಟಿ, ಬಿಗಿಯಲು ನಾಲ್ಕು ಬೋಲ್ಟು. ಹೊರಗಿನಿಂದ ಹತ್ತಲು ಒಂದು ಏಣಿ, ಒಳಗೆ ಇಳಿಯಲು ಒಂದು. ದೂರದ ತುದಿಯಲ್ಲಿ ವಯರು ಹೋಗಲಿಕ್ಕೆ ಎರಡು ರಂಧ್ರ. ಒಳಗೆ ಹೋಗಿಬರಲು ಮುಚ್ಚಳ ಬಿಟ್ಟರೆ ಬೇರೆ ದಾರಿ ಬೇಡ ಅಂತ ನಿರ್ದೇಶಕರು ಹಟ ಹಿಡಿದಿದ್ದರು.

ಬೆಸುಗೆ ಮುಗಿದ ದಿನ ನನ್ನ ವೆಲ್ಡರ್ ಯಾರನ್ನೂ ಕೇಳದೆ ಸುಣ್ಣದ ಬಕೀಟು ಹಿಡಿದು ನಿಂತಿದ್ದ. ಹದಿನೈದು ವರ್ಷದಿಂದ ನನ್ನ ಜೊತೆ ಇರುವವನು, ನಾನು ಅವನಿಗೆ ಹೇಳಬೇಕಾಗಿಯೂ ಇರಲಿಲ್ಲ. ಬೆಸೆದ ಗೆರೆಗೆ ಹೊರಗಿನಿಂದ ಸುಣ್ಣ ಬಳಿಯುವುದು, ಒಣಗಿದ ಮೇಲೆ ಒಳಗಿನಿಂದ ಸೀಮೆಎಣ್ಣೆ ಸವರುವುದು. ಸೂಜಿ ಮೊನೆಯಷ್ಟು ತೂತಿದ್ದರೂ ಎಣ್ಣೆ ಜಿನುಗಿ ಸುಣ್ಣದ ಮೇಲೆ ಕಲೆ ಬೀಳುತ್ತದೆ. ಎರಡು ಕಡೆ ಕಲೆ ಬಿತ್ತು. ಉಜ್ಜಿ ಮತ್ತೆ ಬೆಸೆದೆವು. ನಿರ್ದೇಶಕರು ನಮ್ಮನ್ನು ನೋಡುತ್ತ ನಿಂತಿದ್ದರು.

“ನೀರಿಗೆ ಇಳಿಸೋದೇ ಇಲ್ವಲ್ಲ ಸಾರ್ ಇದನ್ನ.”

“ಇಳಸದಿದ್ರ ಏನಾತ್ರಿ,” ಅಂದ ನನ್ನ ವೆಲ್ಡರ್. “ಸೋರೋ ಮಾಲು ನಮ್ಮ ಕೈಲೆ ಹೊರಗ ಹೋಗಂಗಿಲ್ಲ.”

ನಾನು ಹೆಮ್ಮೆಯಿಂದ ತಲೆಯಾಡಿಸಿದೆ. ಆಮೇಲೆ ಕ್ಯಾಮರಾದವರು ಆ ಎರಡು ರಂಧ್ರದಿಂದ ಬೆಳಕು ಬರುತ್ತದೆ ಅಂದದ್ದಕ್ಕೆ ಅವಕ್ಕೂ ರಬ್ಬರ್ ಬಿರಡೆ ಬಡಿದು, ಸುತ್ತ ಅಂಟು ಮೆತ್ತಿದೆ. ಒಣ ನೆಲದ ಮೇಲೆ ನಿಲ್ಲುವ ಒಂದು ಆಟಿಕೆ ಅದು. ಅದರೊಳಗೆ ಮನುಷ್ಯರು ಕೂರುವವರು, ನೀರಲ್ಲ, ಅನ್ನುವುದು ನಮ್ಮಿಬ್ಬರ ತಲೆಗೂ ಹೋಗಲಿಲ್ಲ.

ಕಪ್ತಾನನ ಪಾತ್ರಕ್ಕೆ ಬಂದವರು ಒಬ್ಬ ದೊಡ್ಡಾಟದ, ಅಂದರೆ ಬಯಲಾಟದ, ಮಾಸ್ತರು. ಹಡಗಲಿ ತಾಲ್ಲೂಕಿನ ಹೊಳೆ ದಂಡೆಯ ಊರಿನವರು, ಕಸುಬಿನಿಂದ ದರ್ಜಿ. ಕಿರೀಟ, ಭುಜಕೀರ್ತಿ ಕಟ್ಟುವ ದೊಡ್ಡ ಪಾತ್ರಗಳನ್ನೆಲ್ಲ ಮಾಡಿ, ಈಗ ಸುತ್ತಲ ಹಳ್ಳಿಗಳಿಗೆ ಆಟ ಕಲಿಸುತ್ತಿದ್ದರು. ಐವತ್ತೈದು ದಾಟಿತ್ತು, ಎದೆ ಮಾತ್ರ ಕಣಜದಂತೆ ಇತ್ತು. ಸಿನಿಮಾದಲ್ಲಿ ಇದೇ ಮೊದಲು. ದಿನಾ ಜೊತೆಗೆ ಅವರ ಹೆಂಡತಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಯೂನಿಟ್ಟಿನ ಊಟದ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಮಾಸ್ತರದು ಒಂದೇ ಕಷ್ಟ, ಬಾಯಿ ತೆಗೆದರೆ ಗೋದಾಮಿನ ಪಾರಿವಾಳ ಹಾರುತ್ತಿದ್ದವು. “ಸಣ್ಣಕೆ, ಮಾಸ್ತ್ರೇ, ಸಣ್ಣಕೆ,” ಅಂತ ನಿರ್ದೇಶಕರು ದಿನಕ್ಕೆ ನೂರು ಸಲ ಹೇಳುವರು.

“ಆಟದಾಗ ಕಡೀ ಸಾಲಿನ್ಯಾಗ ಕುಂತ ಮುದುಕಿಗೂ ಕೇಳಬೇಕ್ರಿ,” ಅಂತ ಮಾಸ್ತರು ನನ್ನ ಹತ್ತಿರ ಬಂದು ಹೇಳಿಕೊಂಡರು. “ಇಲ್ಲಿ ನೋಡಿದ್ರ ಬಾಯಿ ಮುಚಿಗೊಂಡು ಹೆದರಸಬೇಕಂತ. ಅದ್ಹೆಂಗ್ ಬರ್ತೈತಿ? ಕಲೀಬೇಕು. ಕಲೀತೀನಿ ಬಿಡ್ರಿ.”

ನಿಜಕ್ಕೂ ಕಲಿಯುತ್ತಿದ್ದರು. ಊಟದ ಹೊತ್ತಿನಲ್ಲಿ ಬೇವಿನ ಗಿಡದ ಕೆಳಗೆ ಒಬ್ಬರೇ ನಿಂತು, ತುಟಿ ಅಲುಗಿಸದೆ, ಕಣ್ಣಲ್ಲೇ ಏನೋ ಮಾಡಿ ಮಾಡಿ ನೋಡುವರು. ಇಡೀ ಸಿನಿಮಾ ನಿಂತಿದ್ದು ಅವರ ಒಂದು ದೃಶ್ಯದ ಮೇಲೆ. ಮುಚ್ಚಳವನ್ನು ಹೊರಗಿನಿಂದ ನಿಜವಾಗಿ ಬಿಗಿಯುವುದು, ಒಳಗೆ ಇಳಿದ ಆ ನಾಲ್ಕು ಜನ, ಒಂದು ಕ್ಯಾಮರಾ, ಎರಡು ಬ್ಯಾಟರಿ ದೀಪ. ದೂರದ ತುದಿಯ ಕತ್ತಲಲ್ಲಿ ಮಲಗಿದ್ದ ಕಪ್ತಾನ ಎದ್ದು ನಿಧಾನವಾಗಿ ನಡೆದು ಬರುತ್ತಾನೆ. ಏಳು ನಿಮಿಷ, ಒಂದೇ ಶಾಟು, ನಡುವೆ ಎಲ್ಲೂ ಕತ್ತರಿಸುವುದಿಲ್ಲ. “ಮುಚ್ಚಿದೆ ಅನ್ನೋದು ಅವರ ಮುಖದಲ್ಲೇ ಕಾಣ್ಬೇಕು ಸಾರ್,” ಅನ್ನುತ್ತಿದ್ದರು ನಿರ್ದೇಶಕರು. ಅದಕ್ಕೇ ಅವರಿಗೆ ಕಬ್ಬಿಣ ಬೇಕಾಗಿತ್ತು.

ಆದರೆ ಒಳಗೆಲ್ಲ ಹೊಸ ತಗಡು ಫಳಫಳ ಅನ್ನುತ್ತಿತ್ತು. ಬಣ್ಣದ ತುಕ್ಕು ಹತ್ತಿರದಿಂದ ತೆಗೆದರೆ ಬಣ್ಣವೇ ಅಂತ ಗೊತ್ತಾಗುತ್ತದೆ ಎಂದು ಕಲಾ ನಿರ್ದೇಶಕಿ ಚಿಂತೆ ಮಾಡುತ್ತಿದ್ದರು. ಕಬ್ಬಿಣಕ್ಕೆ ತುಕ್ಕು ಹಿಡಿಸುವುದು ನನಗೆ ಯಾರು ಹೇಳಿಕೊಡಬೇಕು? ಉಪ್ಪು ಕರಗಿಸಿದ ನೀರನ್ನು ಬೆಳೆಗೆ ಔಷಧಿ ಹೊಡೆಯುವ ಪಂಪಿನಲ್ಲಿ ಒಳಗೆಲ್ಲ ಹೊಡೆದೆ. ಗೋಣಿಚೀಲ ತೋಯಿಸಿ ಪಟ್ಟಿಗಳಿಗೆ ನೇತುಹಾಕಿದೆ. ತೇವ ಆರಬಾರದು ಅಂತ ಮುಚ್ಚಳ ಹಾಕಿ ನಾಲ್ಕೂ ಬೋಲ್ಟು ಬಿಗಿದೆ. ಎಂಟು ದಿನ ಯಾರೂ ಮುಟ್ಟಬೇಡಿ ಅಂದೆ. ಯೂನಿಟ್ಟು ಆ ಎಂಟು ದಿನ ತಂಬ್ರಹಳ್ಳಿ ಕಡೆಯ ಹಿನ್ನೀರಿನಲ್ಲಿ ಸಮುದ್ರ ತೆಗೆಯಲು ಹೋಯಿತು. ಅಲ್ಲಿ ಸಮುದ್ರದ ಆಚೆ ದಡದಲ್ಲಿ ಮೆಕ್ಕೆಜೋಳ ಕಾಣುತ್ತಿತ್ತಂತೆ, ಎಮ್ಮೆಗಳು ಪದೇ ಪದೇ ಯುದ್ಧದ ನಡುವೆ ಬರುತ್ತಿದ್ದವಂತೆ. ನಾನು ಕೇಳಿ ನಕ್ಕೆ. ನನ್ನ ಭಾಗ ಮಾತ್ರ ಯಾರೂ ನಗದ ಹಾಗೆ ಬರುತ್ತದೆ ಅಂತ ಧೈರ್ಯವಿತ್ತು.

ಒಂಬತ್ತನೇ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಎಲ್ಲರೂ ಸೇರಿದರು. ಕಾಯಿ ಒಡೆದು, ಹಣತೆ ಹಚ್ಚಿ, ಕ್ಯಾಮರಾಕ್ಕೆ ಪೂಜೆ ಆಯಿತು. ಬೋಲ್ಟು ಬಿಚ್ಚಿದರೂ ಮುಚ್ಚಳ ಏಳಲಿಲ್ಲ. ಹಾರೆ ಹಾಕಿ ಮೀಟಿದಾಗ ಸುಂಯ್ ಅಂತ ಸದ್ದಾಗಿ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಂಡಿತು. “ಸೀಲು ಹೆಂಗೈತಿ ನೋಡ್ರಿ,” ಅಂತ ನಾನು ಸುತ್ತಲೂ ನೋಡಿ ಹೇಳಿದೆ. ಆ ಸದ್ದಿಗೇ ನನಗೆ ಎಚ್ಚರಾಗಬೇಕಿತ್ತು. ಒಳಗಿನದೇನೋ ಕಡಿಮೆಯಾಗದೆ ಹೊರಗಿನದು ಯಾಕೆ ಒಳಗೆ ಹೋಗುತ್ತದೆ ಅಂತ ಒಂದು ಸಲ ಯೋಚಿಸಿದ್ದರೆ ಸಾಕಿತ್ತು. ಒಳಗೆ ಬೆಳಕು ಬಿಟ್ಟು ನೋಡಿದರೆ ತುಕ್ಕು ಅದ್ಭುತವಾಗಿ ಹಿಡಿದಿತ್ತು. ಕಲಾ ನಿರ್ದೇಶಕಿ ನನ್ನ ಕೈ ಕುಲುಕಿದರು.

ಮುಚ್ಚಳದ ಬಾಯಿಗೆ ಅಡ್ಡ ಕಂಬಿ ಹಾಕಿ ಕ್ಯಾಮರಾವನ್ನು ದೂರದ ತುದಿಯ ಕಡೆ ವಾಲಿಸಿ ಕೆಳಮುಖವಾಗಿ ಕಟ್ಟಿದರು. ಬೆಳಕು ನೋಡಲು ಯಾರಾದರೂ ಇಳಿದು ತುದಿಯವರೆಗೆ ನಡೆಯಬೇಕಿತ್ತು. ನಾನೇ ಹೋಗ್ತೀನಿ ಅಂತ ಮಾಸ್ತರು ಮುಂದೆ ಬಂದರು. ವೇಷ ಹಾಕಿ ತಯಾರಾಗಿದ್ದರು. ಆರು ಮೆಟ್ಟಿಲು ಇಳಿದು, ಕೆಳಗೆ ನಿಂತು “ಕಬ್ಬಿಣದ ವಾಸನಿ ಬರ್ತೈತಲ್ರಿ,” ಅಂದರು. ತುದಿಯ ಕಡೆ ನಡೆದರು. ನಾವು ಹೊರಗೆ ಮಾನಿಟರಿನಲ್ಲಿ ನೋಡುತ್ತಿದ್ದೆವು. ಏಳೆಂಟು ಹೆಜ್ಜೆಗೆ ನಿಂತರು. ಏನೋ ಮರೆತವರಂತೆ ಹಿಂದೆ ತಿರುಗಿದರು. ಗೋಡೆಗೆ ಕೈ ಹಚ್ಚಲು ಹೋದರು, ಕೈ ಗೋಡೆಯನ್ನು ಮುಟ್ಟಲಿಲ್ಲ. ಮೊಣಕಾಲೂರಿ, ಮುಂದಕ್ಕೆ ಬಿದ್ದರು.

“ಎಷ್ಟು ಚೆನ್ನಾಗಿ ಮಾಡ್ತಿದಾರೆ,” ಅಂದರು ನಿರ್ದೇಶಕರು. ಎರಡು ಮೂರು ಜನ ಚಪ್ಪಾಳೆ ತಟ್ಟಿದರು.

ನಾನೂ ಅರೆಗಳಿಗೆ ಹಾಗೇ ಅಂದುಕೊಂಡೆ, ಸುಳ್ಳು ಹೇಳುವುದಿಲ್ಲ. ಆದರೆ ಬೀಳುವಾಗ ಅವರ ಹಣೆ ನೇರ ಕಬ್ಬಿಣದ ಪಟ್ಟಿಗೆ ಬಡಿದಿತ್ತು. ಆಟದವರು ಬಿದ್ದರೆ ಮೊದಲು ಕೈ ಊರುತ್ತಾರೆ. ಎಷ್ಟೇ ಜೋರಾಗಿ ಬಿದ್ದರೂ ಮುಖ ಉಳಿಸಿಕೊಳ್ಳುತ್ತಾರೆ. ಇವರ ಕೈ ಎರಡೂ ಪಕ್ಕದಲ್ಲಿ ಹಾಗೇ ಇದ್ದವು. ನನ್ನ ವೆಲ್ಡರ್ ನನಗಿಂತ ಮೊದಲೇ ತಿಳಿದುಕೊಂಡಿದ್ದ. ಏಣಿ ಹತ್ತಿ, ಕ್ಯಾಮರಾ ಕಂಬಿ ಎಳೆದು ಬಿಸಾಕಿ, ಒಂದು ಕಾಲು ಒಳಗೆ ಇಟ್ಟಿದ್ದ. ನಾನು ಹಿಂದೆಯೇ ಹತ್ತಿ ಅವನ ಅಂಗಿ ಹಿಡಿದೆ.

“ಬಿಡಣ್ಣಾ, ಮನಿಶ್ಯಾ ಬಿದ್ದಾನ.”

“ಇಳೀಬ್ಯಾಡಲೇ. ಇಳಿದ್ರ ನೀನೂ ಅಲ್ಲೇ ಮಲಗ್ತಿ.”

ಅದು ನನಗೆ ಹೇಗೆ ಹೊಳೆಯಿತೋ. ನಮ್ಮಜ್ಜನ ಕಾಲದಲ್ಲಿ ಮನೆ ಮುಂದೆ ಹಗೇವು ಇತ್ತು, ನೆಲದೊಳಗೆ ತೋಡಿದ ಜೋಳದ ಕಣಜ. ಅದರ ಬಾಯಿ ತೆಗೆದ ದಿನ ಯಾರನ್ನೂ ಇಳಿಸುತ್ತಿರಲಿಲ್ಲ. ಮರುದಿನ ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಆರಿದರೆ ಮನುಷ್ಯನೂ ಆರುತ್ತಾನೆ ಅನ್ನುತ್ತಿದ್ದ ಅಜ್ಜ. ಒಬ್ಬ ಬಿದ್ದಾನೆಂದು ಇನ್ನೊಬ್ಬ, ಅವನನ್ನು ಎತ್ತಲು ಮತ್ತೊಬ್ಬ, ಹೀಗೆ ಒಂದೇ ಮನೆಯ ಮೂವರು ಹೋದ ಸುದ್ದಿ ಚಿಕ್ಕಂದಿನಲ್ಲಿ ಕೇಳಿದ್ದೆ. ಮಣ್ಣಿನ ಗುಂಡಿಯಾದರೆ ನೆನಪಿಡುತ್ತಿದ್ದೆನೇನೋ. ನಾನೇ ಮಾಡಿದ ಕಬ್ಬಿಣದ ಡಬ್ಬಿ ಅಂತ ಮರೆತೆ.

ಪೂಜೆಯ ಹಣತೆಯನ್ನು ಒಂದು ಬಕೀಟಿನಲ್ಲಿಟ್ಟು ಹಗ್ಗದಿಂದ ಇಳಿಬಿಟ್ಟೆ. ಮೂರನೇ ಮೆಟ್ಟಿಲ ಹತ್ತಿರ ಅದು ಆರಿತು. ಗಾಳಿ ಬೀಸಲಿಲ್ಲ, ಯಾರೂ ಊದಲಿಲ್ಲ. ಸುತ್ತ ನಿಂತವರು ಹಿಂದೆ ಸರಿದರು. ಲೈಟಿನವನೊಬ್ಬ ಕೈಮುಗಿದು ನಿಂತಿದ್ದ. “ಸತ್ತವರ ಕತಿ ತೆಗೀಬಾರ್ದು ಅಂತ ನಾ ಹೇಳಿದ್ದೆ,” ಅಂದ. ನನಗೆ ಅವನಿಗೊಂದು ಬಿಡಬೇಕು ಅನ್ನಿಸಿತು, ಸಮಯವಿರಲಿಲ್ಲ.

ಬಣ್ಣ ಹೊಡೆಯುವ ಕಂಪ್ರೆಸರ್ ನನ್ನ ಪಿಕಪ್ಪಿನಲ್ಲೇ ಇತ್ತು. ಅದನ್ನು ಚಾಲೂ ಮಾಡಿ ಪೈಪು ಎಳೆದುಕೊಂಡು ತುದಿಗೆ ಓಡಿದೆವು. ನಾನೇ ಬಡಿದಿದ್ದ ಬಿರಡೆಯನ್ನು ನಾನೇ ಸರಳಿನಿಂದ ಒಳಕ್ಕೆ ಬಡಿಯಬೇಕಾಯಿತು. ಅಂಟು ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂದರೆ ನಾಲ್ಕು ಏಟಿಗೆ ಅಲುಗಲಿಲ್ಲ. ನನ್ನ ಕೆಲಸ ಗಟ್ಟಿಯಾಗಿದೆ ಅಂತ ನಾನು ಬೇಸರಪಟ್ಟದ್ದು ಅವತ್ತೊಂದೇ ದಿನ. ಐದನೇ ಏಟಿಗೆ ಹೋಯಿತು. ಮಾಸ್ತರ ತಲೆ ಆ ರಂಧ್ರದಿಂದ ಮೂರು ನಾಲ್ಕು ಅಡಿ ದೂರದಲ್ಲಿತ್ತು. ಪೈಪು ತೂರಿಸಿ, ಸರಳಿನಿಂದ ಮುಖದ ಹತ್ತಿರ ತಳ್ಳಿ, ಗಾಳಿ ಪೂರ್ತಿ ಬಿಟ್ಟೆ. ಬಿರುಗಾಳಿ ದೃಶ್ಯಕ್ಕೆ ತಂದಿದ್ದ ದೊಡ್ಡ ಫ್ಯಾನನ್ನು ಮೂವರು ಎತ್ತಿ ಮುಚ್ಚಳದ ಬಾಯಿಗೆ ಹಿಡಿದರು.

ಎರಡನೇ ಸಲ ಇಳಿಸಿದ ಹಣತೆ ಇನ್ನಷ್ಟು ಕೆಳಗೆ ಹೋಗಿ ಆರಿತು. ಅಷ್ಟರಲ್ಲಿ ಮಾಸ್ತರ ಹೆಂಡತಿ ಬೇವಿನ ಗಿಡದಿಂದ ಓಡಿ ಬಂದಿದ್ದರು. ಮುಚ್ಚಳದ ಬಾಯಿ ನೋಡಿದರು, ನಮ್ಮನ್ನು ನೋಡಿದರು.

“ಇಷ್ಟು ಮಂದಿ ಗಂಡಸ್ರು ನಿಂತೀರಿ. ಒಬ್ರೂ ಯಾಕ ಇಳೀವಲ್ರಿ?”

“ಇನ್ನೊಂಚೂರು ತಡಿಯವ್ವಾ,” ಅಂದೆ. ನನ್ನ ಒಂದು ಕೈ ಮತ್ತೆ ನನ್ನ ವೆಲ್ಡರನ ರಟ್ಟೆ ಬಿಗಿಹಿಡಿದಿತ್ತು. ಆಕೆ ನನ್ನನ್ನು ನೋಡಿದ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಜೀವ ಉಳಿಸಲು ಹೊರಟವನನ್ನು ಹಿಡಿದು ನಿಲ್ಲಿಸಿದ್ದ ಮನುಷ್ಯ ನಾನು. ನನ್ನ ಲೆಕ್ಕ ತಪ್ಪಿದ್ದರೆ ಅವರ ಗಂಡನನ್ನು ನಾನು ನೋಡನೋಡುತ್ತ ಸಾಯಿಸಿದ ಹಾಗೆ. ಮೂರನೇ ಸಲ ಹಣತೆ ಹಚ್ಚಲು ಉಳಿದ ಒಂದೇ ಕೈಯಲ್ಲಿ ಕಡ್ಡಿ ಗೀರಿದರೆ ಎರಡು ಕಡ್ಡಿ ಮುರಿದವು. ಇಳಿಸಿದೆ. ಮೂರನೇ ಮೆಟ್ಟಿಲು ದಾಟಿತು. ಐದನೆಯದು. ತಳ ಮುಟ್ಟಿತು. ಸಣ್ಣದಾಯಿತು, ಆದರೆ ಉರಿಯುತ್ತಲೇ ಇತ್ತು. ನಾನು ರಟ್ಟೆ ಬಿಟ್ಟೆ.

ವೆಲ್ಡರ್ ನಡುವಿಗೆ ಹಗ್ಗ ಕಟ್ಟಿಕೊಂಡು ಇಳಿದ. ಮಾಸ್ತರ ಕಂಕುಳಿಗೆ ಇನ್ನೊಂದು ಹಗ್ಗ ಹಾಕಿದ. ನಾವು ಐದು ಜನ ಎಳೆದೆವು. ಎಂಥ ಭಾರದ ಮನುಷ್ಯ. ತುಟಿ ನೇರಳೆ ಹಣ್ಣು ತಿಂದಂತೆ ಕಪ್ಪಾಗಿದ್ದವು. ಹೊರಗೆ ಹಾಕಿ ಮಲಗಿಸಿದಾಗ ಗಂಟಲಲ್ಲಿ ಗೊರಕೆಯಂಥ ಒಂದು ಸದ್ದು ಬಂತು. ಆಮೇಲೆ ಇನ್ನೊಂದು. ಅವರ ಹೆಂಡತಿ ಸೆರಗಿನಿಂದ ಅವರ ಹಣೆಯ ರಕ್ತ ಒತ್ತಿ ಹಿಡಿದರು. ನಾನು ಪಿಕಪ್ಪಿನ ಕೀಲಿಕೈ ಎಲ್ಲಿಟ್ಟೆ ಅಂತ ಹುಡುಕುತ್ತಿದ್ದೆ, ಅದು ನನ್ನ ಬಾಯಲ್ಲೇ ಇತ್ತು.

ಕೊಟ್ಟೂರಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಎಲ್ಲ ಕೇಳಿದರು. ಎಷ್ಟು ದಿನ ಮುಚ್ಚಿತ್ತು, ಒಳಗೆ ಏನಿತ್ತು. ನಾನು ಸೀಮೆಎಣ್ಣೆಯ ಮಾತು ಹೇಳಿದೆ, ಅದೇ ಕಾರಣ ಅಂದುಕೊಂಡಿದ್ದೆ. ಅವರು ತುಕ್ಕಿನ ಬಗ್ಗೆ ಕೇಳಿದರು. ಕಬ್ಬಿಣ ತುಕ್ಕು ಹಿಡಿಯುವುದೆಂದರೆ ಗಾಳಿಯಲ್ಲಿನ ಆಮ್ಲಜನಕವನ್ನು ಅದು ತಿನ್ನುವುದೇ, ಮುಚ್ಚಿದ ಕಡೆ ತಿಂದು ಮುಗಿಸುತ್ತದೆ, ವಾಸನೆ ಇಲ್ಲ, ಹೊಗೆ ಇಲ್ಲ, ಹೋದವನಿಗೆ ಗೊತ್ತೂ ಆಗುವುದಿಲ್ಲ ಅಂದರು. ಜೀವಮಾನವೆಲ್ಲ ಕಬ್ಬಿಣದ ಜೊತೆ ಬದುಕಿದವನಿಗೆ ಇಷ್ಟು ಗೊತ್ತಿರಲಿಲ್ಲವೆಂದು ನಾಚಿಕೆಯಾಯಿತು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಾಸ್ತರ ಹೆಂಡತಿಗೆ ಯೂನಿಟ್ಟಿನ ಜನ ಆಗಲೇ ಒಂದು ಕತೆ ಹೇಳಿ ಮುಗಿಸಿದ್ದರು. ದೀಪ ತಾನೇ ಆರಿತು, ಒಳಗೇನೋ ಇದೆ, ಮಿಲ್ಲಿನಲ್ಲಿ ಹಿಂದೆ ಯಾರೋ ಸತ್ತಿದ್ದರು ಅಂತ. ಪ್ರಚಾರದವರು ಅದನ್ನು ಫೋನಿನಲ್ಲಿ ಯಾರಿಗೋ ಖುಷಿಯಿಂದ ಹೇಳುತ್ತಿದ್ದರು. ನಾನು ಸುಮ್ಮನಿದ್ದರೆ ತಪ್ಪೆಲ್ಲ ದೆವ್ವದ ತಲೆಗೇ ಹೋಗುತ್ತಿತ್ತು. ಒಂದು ಗಳಿಗೆ ಸುಮ್ಮನಿದ್ದೆ ಕೂಡ. ಆಮೇಲೆ ಆಕೆಯ ಎದುರು ಕೂತೆ.

“ಒಳಗ ಏನೂ ಇಲ್ಲವ್ವಾ. ತುಕ್ಕು ಉಸಿರ ತಿಂದೈತಿ. ತುಕ್ಕು ಹಿಡಿಸಿದವ ನಾನು, ಸಂದಿಲ್ಲದಂಗ ಮುಚ್ಚಿದವನೂ ನಾನು.”

ಆಕೆ ಬೈಯಲಿ ಅಂತ ಕಾಯುತ್ತಿದ್ದೆ.

“ನಮ್ಮವರು ಮತ್ತ ಅದರಾಗ ಇಳೀತಾರ,” ಅಂದರು. “ನಾ ಹೇಳಿದ್ರ ಕೇಳಂಗಿಲ್ಲ, ನೀವು ಹೇಳಿದ್ರೂ ಕೇಳಂಗಿಲ್ಲ. ಇಳಿದ್ರೂ ಏನೂ ಆಗದಂಗ ಮಾಡ್ರಿ.”

ಸಂಜೆ ಮಾಸ್ತರಿಗೆ ಪೂರ್ತಿ ಎಚ್ಚರವಾಯಿತು. ಕಾಯಿ ಒಡೆದ ಮೇಲಿನದು ಅವರಿಗೆ ಏನೂ ನೆನಪಿರಲಿಲ್ಲ. “ನನ್ನ ಸೀನ್ ಆತೇನ್ರಿ?” ಅಂತ ಕೇಳಿದರು.

ನಾಲ್ಕನೇ ದಿನ ಅವರು ಹಣೆಗೆ ಪಟ್ಟಿ ಹಾಕಿಕೊಂಡೇ ಗೋದಾಮಿಗೆ ಬಂದರು. ನಿರ್ದೇಶಕರೇನೂ ಕಲ್ಲು ಹೃದಯದವರಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಅಲ್ಲೇ ಇದ್ದರು, ಮಾಸ್ತರ ಕಾಲು ಹಿಡಿದು ಅತ್ತಿದ್ದರು. ಆದರೆ ಆ ಏಳು ನಿಮಿಷದ ಶಾಟು ಬಿಡಲು ಅವರಿಂದ ಆಗುತ್ತಿರಲಿಲ್ಲ. ಪ್ರತಿ ಸಲ ಮೊದಲು ಫ್ಯಾನು ಹಚ್ಚೋಣ, ದೀಪ ಇಳಿಸಿ ನೋಡೋಣ, ಆಮೇಲೆ ಮುಚ್ಚೋಣ ಅಂದರು. ಮಾಸ್ತರು ಆಗಲೇ ವೇಷದ ಗಂಟು ಬಿಚ್ಚಿ ಹಾಕಿಕೊಳ್ಳುತ್ತಿದ್ದರು. “ಹೊಳ್ಯಾಗ ಮುಳುಗಿ ಉಸಿರ ಹಿಡಿಯೋ ಮನಿಶ್ಯಾ ನಾನು. ಏಳ್ ನಿಮಿಷ ಏನ್ ದೊಡ್ಡದು,” ಅಂತ ಹೆಂಡತಿಯ ಕಡೆ ನೋಡದೆ ಅಂದರು.

ಗಾಳಿಗೆ ಬೇರೆ ರಂಧ್ರ ಮಾಡಲೇಬೇಕು ಅಂತ ನಾನು ಪಟ್ಟು ಹಿಡಿದೆ. ಬೆಳಕು ಬರುತ್ತದೆ, ಸೌಂಡು ಹೋಗುತ್ತದೆ ಅಂದರು ನಿರ್ದೇಶಕರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಹಿಂಬದಿಯಲ್ಲಿ ಅಂಗೈ ಅಗಲದ್ದು ಒಂದು, ತಳದಲ್ಲಿ ಒಂದು, ಎರಡಕ್ಕೂ ಪೈಪಿನಿಂದ ಗಾಳಿ, ಇಷ್ಟಕ್ಕೆ ಒಪ್ಪಂದವಾಯಿತು. ಎಲ್ಲರೂ ಊಟಕ್ಕೆ ಹೋದರು. ಸೀಮೆಎಣ್ಣೆ ಸವರಿದ ಗೆರೆಗಳನ್ನು ಹಿಂದಿನ ದಿನವೇ ಸೋಪಿನ ನೀರಿನಿಂದ ತೊಳೆಸಿದ್ದೆ, ಮುಚ್ಚಳ ತೆಗೆದು ಫ್ಯಾನು ಬಿಟ್ಟಿದ್ದೆ. ಗ್ಯಾಸ್ ಕಟ್ಟರ್ ಹಚ್ಚಿದೆ.

ಅಂಗೈ ಅಗಲದ ಗೆರೆಯನ್ನು ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದೆ. ಉರಿ ಆ ಗೆರೆಗೆ ಬಂದಾಗ ನನ್ನ ಕೈ ತಿರುಗಲಿಲ್ಲ. ನೇರ ಮುಂದೆ ಹೋಯಿತು. ಪೈಪು ಕಿತ್ತರೆ? ಕಂಪ್ರೆಸರ್ ನಿಂತರೆ? ಕರೆಂಟು ಹೋದರೆ? ಮುಚ್ಚಳ ಅವತ್ತಿನ ಹಾಗೆ ಕಚ್ಚಿಕೊಂಡರೆ? ಒಂದೊಂದು ಪ್ರಶ್ನೆಗೂ ಒಂದೊಂದು ಅಡಿ ಕತ್ತರಿಸುತ್ತ ಹೋದೆ. ವೆಲ್ಡರ್ ಒಂದು ಸಲ “ಅಣ್ಣಾ” ಅಂದ, ಆಮೇಲೆ ಸುಮ್ಮನಾಗಿ ತಗಡಿನ ಆ ಕಡೆ ಹಿಡಿದುಕೊಂಡ. ನಿಲ್ಲಿಸಿದಾಗ ಎಂಟಡಿ ಉದ್ದ, ಮೂರಡಿ ಎತ್ತರದ ತಗಡು ನೆಲಕ್ಕೆ ಬಿತ್ತು. ಮನುಷ್ಯ ಬಗ್ಗಿ ಸಲೀಸಾಗಿ ದಾಟಬಹುದಾದಷ್ಟು ದೊಡ್ಡ ಬಾಯಿ. ಗೋದಾಮಿನ ಬಿಸಿಲು ನೇರ ಒಳಗೆ ಹೋಗಿ ತುಕ್ಕಿನ ಮೇಲೆ ಕೂತಿತು.

ನಿರ್ದೇಶಕರು ಬಂದು ನೋಡಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಸುಲಭವಾಗುತ್ತಿತ್ತು. ಒಂದು ಪೆಟ್ಟಿಗೆಯ ಮೇಲೆ ಕೂತು, “ಇದಕ್ಕೆ ಪ್ಲೈವುಡ್ಡೇ ಸಾಕಾಗಿತ್ತಲ್ಲ ಸಾರ್,” ಅಂದರು. ಮತ್ತೆ ಬೆಸೆಯಿರಿ ಅಂತ ಕೇಳಿದರು. ಬೆಸೆಯುವುದಿಲ್ಲ ಅಂದೆ. ಬೇರೆಯವರನ್ನು ಕರೆಸುತ್ತೇನೆ ಅಂದರು. ಕರೆಸಿ ಅಂದೆ, ಡಾಕ್ಟರು ಹೇಳಿದ್ದನ್ನು ಅವರಿಗೂ ಹೇಳುತ್ತೇನೆ ಅಂದೆ. ಮಾಸ್ತರು ನನ್ನ ಜೊತೆ ಮಾತಾಡಲಿಲ್ಲ. ಬಾಯಿಯ ಹತ್ತಿರ ಹೋಗಿ, ಒಳಗೆ ತಲೆ ಹಾಕಿ, ಮೆಲ್ಲಗೆ ತಮ್ಮ ಒಂದು ಮಾತು ಹೇಳಿ ನೋಡಿದರು. ದನಿ ತಿರುಗಿ ಬರಲಿಲ್ಲ.

ಈಗ ಯೋಚಿಸಿದರೆ ಅಂಗೈ ಅಗಲದ ಆ ಎರಡು ರಂಧ್ರ ಸಾಕಾಗುತ್ತಿತ್ತು ಅಂತ ಅನ್ನಿಸುತ್ತದೆ. ಮೊದಲು ಅತಿ ಧೈರ್ಯದಿಂದ ಮುಚ್ಚಿದೆ, ಆಮೇಲೆ ಅತಿ ಭಯದಿಂದ ತೆರೆದೆ. ನಡುವಿನದೊಂದು ಅಳತೆ ನನಗೆ ಸಿಗಲಿಲ್ಲ.

ಬಾಯಿಗೆ ಕಪ್ಪು ಬಟ್ಟೆ ಕಟ್ಟಿ, ದೃಶ್ಯವನ್ನು ಚೂರು ಚೂರು ಮಾಡಿ ತೆಗೆದರು. ಸಿನಿಮಾ ಬಂದಾಗ ಕೊಟ್ಟೂರಿನ ಟಾಕೀಸಿನಲ್ಲಿ ಮ್ಯಾಟಿನಿಗೆ ಹೋದೆ. ಮಾಸ್ತರೂ ಅವರ ಹೆಂಡತಿಯೂ ನನ್ನ ಮುಂದಿನ ಸಾಲಿನಲ್ಲಿದ್ದರು. ಮಾಸ್ತರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಸಮುದ್ರ ಕಂಡ ಕೂಡಲೇ ಯಾರೋ “ತಂಬ್ರಹಳ್ಳಿ” ಅಂದ, ಎಲ್ಲರೂ ನಕ್ಕರು. ಜಲಾಂತರ್ಗಾಮಿಯ ಗೋಡೆ ಒಂದು ಕಡೆ ಗಾಳಿಗೆ ಅಲುಗುತ್ತಿತ್ತು, ಅದಕ್ಕೂ ನಕ್ಕರು. ಕಪ್ತಾನ ಕತ್ತಲಿಂದ ಎದ್ದು ಬಂದು ಬಾಯಿ ತೆಗೆದಾಗ ಆಟದ ದನಿಯೇ ಬಂತು. ಸಿಳ್ಳು ಬಿತ್ತು, “ಮಾಸ್ತರ, ಪದ ಹಾಡ್ರಿ,” ಅಂತ ಹಿಂದಿನಿಂದ ಕೂಗಿದರು. ಮಾಸ್ತರ ಕುತ್ತಿಗೆ ಅಂಗಿಯೊಳಗೆ ಇಳಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ನನಗೆ ಅಲ್ಲಿಂದ ಎದ್ದು ಹೋಗಬೇಕು ಅನ್ನಿಸಿತು. ಆ ನಗುವಿನಲ್ಲಿ ಅರ್ಧ ನನ್ನ ಕಟ್ಟರಿನದು.

ಕೊನೆಗೆ ಕಪ್ತಾನ ಮೊದಲು ಸತ್ತದ್ದು ಹೇಗೆ ಅಂತ ತೋರಿಸಿದರು. ಮೇಲಿನಿಂದ ತೆಗೆದ ಚಿತ್ರ. ಮನುಷ್ಯ ನಡೆಯುತ್ತಾನೆ, ನಿಲ್ಲುತ್ತಾನೆ, ಏನೋ ಮರೆತವನಂತೆ ತಿರುಗುತ್ತಾನೆ. ಕೈ ಗೋಡೆ ಹುಡುಕುತ್ತದೆ. ಅವತ್ತು ಕ್ಯಾಮರಾ ಓಡುತ್ತಿತ್ತು ಅನ್ನುವುದು ನನ್ನ ತಲೆಯಲ್ಲೇ ಇರಲಿಲ್ಲ. ಹಣೆ ಕಬ್ಬಿಣಕ್ಕೆ ಬಡಿಯಿತು. ಟಾಕೀಸು ಗಪ್‌ಚಿಪ್ಪಾಯಿತು. ಸಿಳ್ಳು ಹೊಡೆದವರೂ ಉಸಿರು ಬಿಡಲಿಲ್ಲ. ಮಾಸ್ತರ ಹೆಂಡತಿ ಮುಖ ಮುಚ್ಚಿಕೊಂಡಿದ್ದರು. ಮಾಸ್ತರು ಮಾತ್ರ ಮೆಲ್ಲಗೆ ನೆಟ್ಟಗೆ ಕೂತರು. “ಇದೊಂದು ಚಲೋ ಮಾಡ್ಯಾನ ನೋಡಲೇ ಮುದುಕ,” ಅಂತ ನನ್ನ ಪಕ್ಕದವನು ಪಿಸುಗುಟ್ಟಿದ.

ಹೊರಗೆ ಮಾಸ್ತರು ಹೆಂಡತಿಯ ಜೊತೆ ನನಗಾಗಿ ಕಾಯುತ್ತ ನಿಂತಿದ್ದರು. ಗೋದಾಮಿನ ಆ ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಅದು.

“ಕಡೀದು ನೋಡಿದ್ರಿ? ನನಗ ಆ ಶಾಟ್ ತೆಗೆದಿದ್ದ ನೆನಪಿಲ್ಲ. ಬಾಯಿ ತೆಗೀಲಿಲ್ಲ, ಕೈ ಎತ್ತಲಿಲ್ಲ, ಮಂದಿ ಹೆಂಗ ಹೆದರಿದ್ರು. ನನಗೂ ಬಂತಲ್ರಿ ಸಣ್ಣಕ ಮಾಡೋದು.”

ಹೌದು ಅಂದುಬಿಡಬಹುದಿತ್ತು. ಅವರ ಮುಖ ನೋಡಿ ನನ್ನ ಬಾಯಿಗೆ ಹೌದು ಅಂತಲೇ ಬಂದಿತ್ತು. ಆದರೆ ಆ ಸಾಯುತ್ತಿದ್ದ ಮನುಷ್ಯನನ್ನು ಅವರು ಊರೂರಿಗೆ ತಮ್ಮ ಅಭಿನಯ ಅಂತ ತೋರಿಸುತ್ತ ತಿರುಗುವುದನ್ನು ನೆನೆದು ನನಗೆ ತಡೆಯಲಾಗಲಿಲ್ಲ.

“ಮಾಸ್ತರ, ಅದು ನೀವು ಮಾಡಿದ್ದಲ್ರಿ,” ಅಂದೆ. “ನೀವು ಸಾಯಾಕತ್ತಿದ್ದು. ಅದು ನಾ ಮಾಡಿದ್ದು.”

ಅವರು ಹೆಂಡತಿಯ ಕಡೆ ನೋಡಿದರು. ಆಕೆ ಅಲ್ಲ ಅನ್ನಲಿಲ್ಲ. ಮಾಸ್ತರು ಕನ್ನಡಕ ತೆಗೆದು ಬಿಳಿ ಅಂಗಿಯ ಅಂಚಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

“ಹಂಗಾರ ಇದರಾಗ ನಂದು ಯಾವುದ್ರಿ?”

ಆಕೆ ಅವರ ಕೈಯಿಂದ ಕನ್ನಡಕ ತೆಗೆದುಕೊಂಡು, ತಮ್ಮ ಸೆರಗಿನಿಂದ ಇನ್ನೊಮ್ಮೆ ಒರೆಸಿ, ಅವರ ಮೂಗಿನ ಮೇಲೆ ಇಟ್ಟರು.

“ಎದ್ದು ಬಂದ್ರಲ್ಲ, ಅದು ನಿಮ್ದು. ನಡೀರಿ, ಹಡಗಲಿ ಬಸ್ ನಿಂತೈತಿ.”